ಸೋಫಿಯಾ ರಸ್ತೆಯ ಕಥೆಗೆ ದೋಹಾದಲ್ಲೊಂದು ಸನ್ಮಾನ

ಅಲ್ ವುಕೈರ್

ನಾನು ಕತಾರಿಗೆ ಹೋದದ್ದು ಕತಾರ್ ನೋಡಲಿಕ್ಕಲ್ಲ. ಮರಳುಗಾಡು, ಒಂಟೆ, ಗಾಜಿನ ಕಟ್ಟಡಗಳ ವರ್ಣನೆ ಬೇಕಾದವರು ಬೇರೆಯವರ ಪುಸ್ತಕ ಓದಬಹುದು, ಅಂಥವು ಬೇಕಾದಷ್ಟಿವೆ. ನಾನು ಹೋದದ್ದು ಒಬ್ಬ ಮುದುಕರ ಬಾಯಿಂದ ಒಂದು ಕಥೆ ಕೇಳಲಿಕ್ಕೆ. ಕೇಳದೆ ಬಂದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಓದಿ ಸಂತೋಷಪಡುವಂಥದ್ದು ಇದರಲ್ಲೇನೂ ಇಲ್ಲ.

ಮಂಗಳೂರಿನಲ್ಲಿ ನನ್ನದು ಮೋಟಾರು ಬಿಡಿಭಾಗಗಳ ಅಂಗಡಿ. ಹರೆಯದಲ್ಲಿ ಕೊಡಗು, ಚಿಕ್ಕಮಗಳೂರು ಕಡೆಯ ಕಾರು ರ‍್ಯಾಲಿಗಳಿಗೆ ಹೋಗುತ್ತಿದ್ದೆ. ಓಡಿಸುವವನಾಗಿ ಅಲ್ಲ, ಪಕ್ಕದ ಸೀಟಿನಲ್ಲಿ ಕುಳಿತು ದಾರಿ ಹೇಳುವ ನ್ಯಾವಿಗೇಟರ್ ಆಗಿ. ಬೆನ್ನು ಕೈಕೊಟ್ಟ ಮೇಲೆ ಆ ಚಟ ಬೇರೆ ರೂಪ ತಾಳಿತು. ಯುರೋಪಿನ ಒಂದು ಹಳೆಯ ರ‍್ಯಾಲಿಯ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಲು ಹೊರಟೆ. ಬೆಲ್ಜಿಯಂನ ಲಿಯೇಜ್ ಎಂಬ ಊರಿನಿಂದ ಹೊರಟು, ಆಲ್ಪ್ಸ್ ದಾಟಿ, ರೋಮ್ ಮುಟ್ಟಿ, ಅದೇ ಉಸಿರಿನಲ್ಲಿ ಲಿಯೇಜಿಗೆ ಮರಳುವ ರ‍್ಯಾಲಿ ಅದು. ಒಂದು ಕಾರಿಗೆ ಇಬ್ಬರು. ಹಗಲೂ ರಾತ್ರಿಯೂ ಓಟ, ಮಲಗಲಿಕ್ಕೆಂದು ಬಿಡುವಿಲ್ಲ. ಇಟಲಿಯ ರಸ್ತೆಗಳಲ್ಲಿ ವಾಹನಗಳು ತುಂಬಿ ಇಂಥ ಹುಚ್ಚಾಟಕ್ಕೆ ಜಾಗವಿಲ್ಲವಾದಾಗ, ಅರವತ್ತರ ದಶಕದ ಆರಂಭದಲ್ಲಿ ಅದನ್ನು ಪೂರ್ವಕ್ಕೆ ತಿರುಗಿಸಿದರು. ಯುಗೋಸ್ಲಾವಿಯದ ಕಲ್ಲುಮಣ್ಣಿನ ಬೆಟ್ಟದಾರಿಗಳಲ್ಲಿ ಬಲ್ಗೇರಿಯದ ಸೋಫಿಯಾಕ್ಕೆ ಹೋಗಿ ಬರುವ ರ‍್ಯಾಲಿಯಾಯಿತು. ಹೊರಟವರಲ್ಲಿ ಬಹುಪಾಲು ಜನ ಮರಳಿ ಮುಟ್ಟುತ್ತಿರಲಿಲ್ಲ. ಒಂದು ವರ್ಷವಂತೂ ಬೆರಳೆಣಿಕೆಯಷ್ಟು ಕಾರುಗಳೇ ಬಂದವು. ಒಂದೇ ಒಂದು ಕಾರು ಮರಳಿ ಬಂದರೆ ಅದೇ ಆದರ್ಶ ರ‍್ಯಾಲಿ ಎಂದು ನಡೆಸುವವರು ನಂಬಿದ್ದರಂತೆ.

ಗೆದ್ದವರ ಕಥೆ ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಧಾರಾಳವಾಗಿದೆ. ಮುಟ್ಟದವರ ಕಥೆ ಎಲ್ಲಿಯೂ ಇಲ್ಲ. ನನ್ನ ಪುಸ್ತಕದ ಕೊನೆಯ ಅಧ್ಯಾಯ ಅದಕ್ಕಾಗಿ ಖಾಲಿ ಬಿದ್ದಿತ್ತು. ಲಿಯೇಜಿಗೇ ಹೋಗಿ ಯಾರನ್ನಾದರೂ ಹುಡುಕೋಣವೆಂದರೆ ಯುರೋಪಿನ ವೀಸಾ ಕೊಡುವವರಿಗೆ ನನ್ನ ಪ್ರವಾಸದ ಉದ್ದೇಶ ಅರ್ಥವಾಗಲಿಲ್ಲ. ಅರವತ್ತು ದಾಟಿದ ಬಿಡಿಭಾಗದ ವ್ಯಾಪಾರಿ, ಎಂದೋ ನಿಂತುಹೋದ ರ‍್ಯಾಲಿಯನ್ನು ಹುಡುಕಿಕೊಂಡು ಬರುತ್ತೇನೆಂದರೆ ಯಾರು ತಾನೇ ನಂಬುತ್ತಾರೆ?

ಆಗ ದೋಹಾದಿಂದ ಅಕ್ಕನ ಮಗ ಹರೀಶ ಫೋನ್ ಮಾಡಿದ. ನಮ್ಮ ಮಾತೆಲ್ಲ ತುಳುವಿನಲ್ಲಿ. ಓದುವವರಿಗೆಂದು ನಮ್ಮ ಊರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮಾವ, ನಮ್ಮ ಆಫೀಸಲ್ಲಿ ಆನ್ ಅಂತ ಒಬ್ರು ಬೆಲ್ಜಿಯಂನವ್ರು ಇದ್ದಾರೆ. ಅವರ ಅಪ್ಪ ನಿಮ್ಮ ಆ ರ‍್ಯಾಲಿಗೆ ಹೋಗಿದ್ರಂತೆ. ಅದೂ ನ್ಯಾವಿಗೇಟರ್ ಆಗಿ! ಈಗ ಮಗಳೊಟ್ಟಿಗೆ ಇಲ್ಲೇ ಇದ್ದಾರೆ. ಆದ್ರೆ ಆನ್ ಅವರ ಕಾಂಟ್ರಾಕ್ಟ್ ಮುಗೀತು, ಬರುವ ಶನಿವಾರ ಅಪ್ಪ ಮಗಳು ಊರಿಗೆ ವಾಪಾಸ್. ನೀವು ಬರುದಾದ್ರೆ ಈಗ್ಲೇ ಬರ್ಬೇಕು.”

ಬುಧವಾರ ಸಂಜೆ ದೋಹಾದಲ್ಲಿ ಇಳಿದೆ. ನಿಲ್ದಾಣದಲ್ಲಿ ಅಭ್ಯಾಸಬಲದಿಂದ ಹರೀಶನ ಕಾರಿನ ಎಡಗಡೆ ಹೋಗಿ ಬಾಗಿಲು ತೆರೆದರೆ ಎದುರಿಗೆ ಸ್ಟೇರಿಂಗ್. “ಎಂತ ಮಾವ, ಬಂದ ದಿವ್ಸವೇ ಗಾಡಿ ಬಿಡ್ತೀರಾ?” ಎಂದು ಅವನು ನಕ್ಕ. ಇಡೀ ಆಯುಷ್ಯ ಎಡಗಡೆ ಕುಳಿತು ದಾರಿ ಹೇಳಿದವನಿಗೆ ಈ ದೇಶದಲ್ಲಿ ಆ ಜಾಗವೇ ಇರಲಿಲ್ಲ.

ಅಲ್ ವುಕೈರ್‌ನಲ್ಲಿ ಅವನ ಫ್ಲ್ಯಾಟು. ಒಂದೇ ಬಣ್ಣದ ಕಟ್ಟಡಗಳು, ಅವುಗಳ ನಡುವೆ ಇನ್ನೂ ಕಟ್ಟಬೇಕಾದ ಖಾಲಿ ನೆಲ, ಬಾಲ್ಕನಿಯಲ್ಲಿ ಯಾರದೋ ಒಣಗುವ ಲುಂಗಿ. ಚಹಾ ಕುಡಿಯುವಾಗ ಹರೀಶ ಮೊಬೈಲ್ ತೆರೆದು ಒಂದು ಫ್ಲೆಕ್ಸ್ ತೋರಿಸಿದ. ಅದರಲ್ಲಿ ನನ್ನ ಭಾವಚಿತ್ರ, ಕೆಳಗೆ ‘ಖ್ಯಾತ ರ‍್ಯಾಲಿ ಸಾಹಿತಿ’ ಎಂಬ ಬಿರುದು.

“ಶುಕ್ರವಾರ ನಮ್ಮ ಸಂಘದ ವಾರ್ಷಿಕೋತ್ಸವ ಮಾವ. ನೀವೇ ಮುಖ್ಯ ಅತಿಥಿ. ಪ್ರಿಂಟಿಗೆ ಹೋಗಿಯಾಯ್ತು, ಬೇಡ ಹೇಳ್ಬೇಡಿ.”

ಬೇಡ ಎನ್ನಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಖುಷಿಯೇ ಆಯಿತು. ಊರಿನಲ್ಲಿ ನನ್ನ ಈ ಹುಚ್ಚಿಗೆ ಯಾರೂ ಬಿರುದು ಕೊಟ್ಟಿರಲಿಲ್ಲ.

ಮುಐದರ್

ಗುರುವಾರ ಬೆಳಿಗ್ಗೆ ಆನ್ ಅವರ ಮನೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಹರೀಶ ರಜೆ ಹಾಕಿದ್ದ. ನಾನು ಲಿಯೇಜಿನಿಂದ ಸೋಫಿಯಾದವರೆಗಿನ ದಾರಿಯ ನಕ್ಷೆ ಸುತ್ತಿಕೊಂಡು, ಪ್ರಶ್ನೆಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ತಯಾರಾಗಿದ್ದೆ. ಅಷ್ಟರಲ್ಲಿ ಸಂಘದ ಅಧ್ಯಕ್ಷ ಶೇಖರಣ್ಣನ ಫೋನ್ ಬಂತು.

“ಊರಿಂದ ಬಂದವ್ರು ನಮ್ಮಲ್ಲಿ ಒಂದು ಕಾಲು ಹಾಕದೆ ಹೋಗುದಾ? ಅದೆಲ್ಲ ಆಗ್ಲಿಕ್ಕಿಲ್ಲ ಮಾರಾಯ್ರೆ. ಬರೀ ಚಾ ಕುಡ್ದು ಹೋಗಿ.”

ನಮ್ಮ ಕರಾವಳಿಯವರ ‘ಬರೀ ಚಾ’ ಎಂದರೇನೆಂದು ನನಗೆ ಗೊತ್ತಿರಬೇಕಿತ್ತು. ಮುಐದರ್‌ನಲ್ಲಿ ಎರಡು ಕುಟುಂಬ ಹಂಚಿಕೊಂಡ ಒಂದು ವಿಲ್ಲಾ. ಹೊರಗೆ ಮುಖ ಸುಡುವ ಗಾಳಿ, ಒಳಗೆ ಒಗ್ಗರಣೆಯ ಘಾಟು. ನೀರುದೋಸೆ, ಕೋಳಿ ಸುಕ್ಕ, ಇಲ್ಲಿಯ ಹಮೂರ್ ಮೀನಿಗೆ ನಮ್ಮ ಹುಳಿಖಾರದ ಪುಳಿಮುಂಚಿ. ತಿಂಡಿ ಮುಗಿಯುವಷ್ಟರಲ್ಲಿ ಊಟದ ಸಿದ್ಧತೆ ಸುರುವಾಗಿತ್ತು. ಪಕ್ಕದ ಮನೆಗಳವರೆಲ್ಲ ಒಬ್ಬೊಬ್ಬರಾಗಿ ಬಂದು, ಊರಿನಲ್ಲಿ ಮಳೆ ಹೇಗೆ, ಹೆದ್ದಾರಿ ಅಗಲ ಮಾಡುವ ಕೆಲಸ ಎಲ್ಲಿಗೆ ಬಂತು ಎಂದು ವಿಚಾರಿಸಿದರು. ಎಲ್ಲರ ಕಣ್ಣಿನಲ್ಲೂ ಅಷ್ಟು ಪ್ರೀತಿ ಇರುವಾಗ ಎದ್ದು ಹೊರಡುವುದು ಹೇಗೆ? ನಾನು ಗಡಿಯಾರ ನೋಡುವುದನ್ನು ಶೇಖರಣ್ಣ ಕಂಡರು.

“ಅದನ್ನು ನೋಡ್ಬೇಡಿ. ನಿಮ್ಮ ಬೆಲ್ಜಿಯಂನವ್ರು ಎಲ್ಲಿಗೂ ಓಡಿ ಹೋಗುದಿಲ್ಲ.”

ರ‍್ಯಾಲಿಯಲ್ಲಿ ದಾರಿಯುದ್ದಕ್ಕೂ ಹಾಜರಿ ಹಾಕಿಸಿಕೊಳ್ಳುವ ಪ್ರತಿ ಠಾಣೆಗೂ ಒಂದು ಹೊತ್ತು ಗೊತ್ತುಮಾಡಿರುತ್ತಾರೆ. ಅದು ದಾಟಿದರೆ ಠಾಣೆಯ ಮೇಜು ಕುರ್ಚಿ ಎತ್ತಿ ಹೋಗಿಬಿಡುತ್ತಾರೆ. ನೀವು ಎಷ್ಟೇ ಕಷ್ಟಪಟ್ಟು ಬಂದಿರಲಿ, ಅಲ್ಲಿ ಬರಿಯ ರಸ್ತೆ ಇರುತ್ತದೆ. ಕೈಗೆ ಮೀನಿನ ವಾಸನೆ ಮೆತ್ತಿಕೊಂಡು ಅಲ್ಲಿಂದ ಹೊರಡುವಾಗ ನನಗೆ ಅದೇ ನೆನಪಾಗುತ್ತಿತ್ತು. ಆಗ ಬಿಸಿಲು ವಾಲಿತ್ತು.

ವೆಸ್ಟ್ ಬೇ

ವೆಸ್ಟ್ ಬೇಯ ಎತ್ತರದ ಕಟ್ಟಡವೊಂದರಲ್ಲಿ ಆನ್ ಅವರ ಮನೆ. ಐವತ್ತರ ಆಸುಪಾಸಿನ ಹೆಂಗಸು. ಸಾಮಾನೆಲ್ಲ ಪೆಟ್ಟಿಗೆಗಳಲ್ಲಿ ತುಂಬಿಯಾಗಿತ್ತು. ಕಿಟಕಿಯ ಬಳಿಯ ಕುರ್ಚಿಯಲ್ಲಿ ಅವರ ತಂದೆ ಮಾರ್ಸೆಲ್, ಎಂಬತ್ತರ ಉದ್ದ ಮೂಳೆಯ ಮನುಷ್ಯ. ಮೂಗಿಗೆ ಆಮ್ಲಜನಕದ ಸಣ್ಣ ಕೊಳವೆ, ಪಕ್ಕದಲ್ಲಿ ಚೀಲದಷ್ಟು ದೊಡ್ಡ ಯಂತ್ರ. ನನ್ನನ್ನು ಕಂಡು ಅವರು ಕೈ ಎತ್ತಿದರು.

ಆನ್ ನನ್ನನ್ನು ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು. ಅವರದೂ ನನ್ನದೂ ಇಂಗ್ಲಿಷ್. ನನ್ನದು ಬಿಡಿಭಾಗಗಳ ಪಟ್ಟಿ ಓದಿ ಕಲಿತ ಇಂಗ್ಲಿಷ್.

“ಅಪ್ಪನ ಶ್ವಾಸಕೋಶ ಹಾಳಾಗಿದೆ. ದಿನಕ್ಕೆ ಕೆಲವೇ ಮಾತುಗಳಿಗೆ ಸಾಕಾಗುವಷ್ಟು ಉಸಿರು ಇರುತ್ತದೆ. ಬೆಳಿಗ್ಗೆಯಿಡೀ ನಿಮಗಾಗಿ ಅಂಗಿ ಬದಲಾಯಿಸಿ ಕಾದು ಕುಳಿತಿದ್ದರು. ನನ್ನ ಹತ್ತಿರವೂ ಮಾತಾಡಲಿಲ್ಲ, ನಿಮಗೆಂದು ಉಳಿಸಿಕೊಂಡಿದ್ದರು.”

ಮೀನು ಚೆನ್ನಾಗಿತ್ತು ಎನ್ನಲೇ?

“ಇದು ನಿಮ್ಮ ಪುಸ್ತಕದ ವಿಷಯ ಮಾತ್ರ ಅಲ್ಲ,” ಎಂದರು ಆನ್. “ಕಾರು ಓಡಿಸಿದ್ದು ನನ್ನ ದೊಡ್ಡಪ್ಪ. ಅಣ್ಣ ತಮ್ಮ ಹೋಗುವಾಗ ಒಂದೇ ಕಾರಿನಲ್ಲಿ ಹೋದರು, ಬರುವಾಗ ಬೇರೆ ಬೇರೆ ರೈಲಿನಲ್ಲಿ ಬಂದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ದೊಡ್ಡಪ್ಪ ಲಿಯೇಜಿನ ಒಂದು ವೃದ್ಧಾಶ್ರಮದಲ್ಲಿದ್ದಾರೆ. ನಾನು ಅವರ ಮುಖವನ್ನೇ ನೋಡಿಲ್ಲ. ಅಪ್ಪನಿಗೆ ಇನ್ನು ಹೆಚ್ಚು ದಿನ ಇಲ್ಲ, ಊರು ಮುಟ್ಟಿದ ಕೂಡಲೇ ಅವರಿಬ್ಬರನ್ನೂ ಸೇರಿಸಬೇಕೆಂದಿದ್ದೇನೆ. ಆದರೆ ಅಲ್ಲಿ ಏನಾಯಿತೆಂದು ಗೊತ್ತಿಲ್ಲದೆ ದೊಡ್ಡಪ್ಪನ ಎದುರು ಹೋಗಿ ಏನೆಂದು ಬಾಯಿ ತೆರೆಯಲಿ? ಅಪ್ಪ ಅಮ್ಮನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ನೀವು ನ್ಯಾವಿಗೇಟರ್ ಎಂದು ಕೇಳಿದ ಮೇಲೆ, ಅವನಿಗಾದರೆ ಹೇಳುತ್ತೇನೆ, ನೀನೂ ಕೇಳಿಸಿಕೋ ಎಂದರು. ಒಂದೇ ಸಲ ಹೇಳುತ್ತೇನೆ ಎಂದರು.”

ಒಳಗೆ ಬಂದು ನಾನು ನಕ್ಷೆ ಹಾಸಿದೆ. ಮಾರ್ಸೆಲ್ ಅವರ ಬೆರಳು ಲಿಯೇಜಿನಿಂದ ಹೊರಟು, ಒಂದೂ ತಪ್ಪು ತಿರುವು ತೆಗೆದುಕೊಳ್ಳದೆ ಸೋಫಿಯಾಕ್ಕೆ ಹೋಗಿ, ಮರಳುವ ದಾರಿಯಲ್ಲಿ ಮಾಂಟೆನೆಗ್ರೊದ ಬೆಟ್ಟಗಳ ನಡುವೆ ನಿಂತಿತು. ಅಲ್ಲಿಂದ ಮೇಲೆದ್ದಿತು.

“ಇಲ್ಲಿಯವರೆಗೆ,” ಎಂದರು. ಉಸಿರು ಎಳೆದುಕೊಂಡರು. “ಕೋಣೆಯಲ್ಲಿ ಕುಳಿತು ಇದನ್ನು ಹೇಳಲು ಬರುವುದಿಲ್ಲ. ನಾಳೆ ಕಾರಿನಲ್ಲಿ ಹೇಳುತ್ತೇನೆ. ಆನ್ ಓಡಿಸಲಿ. ನಕ್ಷೆ ನಿಮ್ಮ ತೊಡೆಯ ಮೇಲಿರಲಿ.”

ಅವರ ಮಾತು ನನಗೆ ಪೂರ್ತಿ ಅರ್ಥವಾಯಿತು. ನನಗೂ ಕೆಲವು ವಿಷಯಗಳು ಕಾರು ಚಲಿಸುವಾಗ ಮಾತ್ರ ಬಾಯಿಗೆ ಬರುತ್ತವೆ.

ಲಿಫ್ಟಿನಲ್ಲಿ ಇಳಿಯುವಾಗ ಹರೀಶನ ಮುಖ ಅರಳಿತ್ತು. “ಮಾವ, ಒಂದು ಐಡಿಯಾ. ನಾಳೆ ಅವರಿಗೂ ಒಂದು ಸನ್ಮಾನ ಮಾಡುವ. ಹಾಲ್ ದಾರಿಯಲ್ಲೇ ಸಿಗ್ತದೆ. ಸಂಜೆ ನಾಲ್ಕಕ್ಕೆ ಬಂದ್ರೆ ಅರ್ಧ ಗಂಟೆ. ಒಂದು ಶಾಲು, ಒಂದು ಪೇಟ, ಖಲಾಸ್. ಅಲ್ಲಿಂದ ನೀವು ಸೀದಾ ಡ್ರೈವ್ ಹೋಗಿ.”

ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಯಾರೂ ಲೆಕ್ಕಕ್ಕಿಡದ ಒಬ್ಬ ನ್ಯಾವಿಗೇಟರನ ಹೆಗಲಿಗೆ ನಮ್ಮವರು ಶಾಲು ಹೊದಿಸುತ್ತಾರೆಂದರೆ ಅದು ನ್ಯಾಯವೇ ಎಂದು ಆಗ ಅನಿಸಿತ್ತು. ನಮ್ಮ ಕಡೆ ಮನುಷ್ಯನನ್ನು ಗೌರವಿಸುವುದಕ್ಕೆ ಬೇರೆ ದಾರಿಯೇ ಗೊತ್ತಿಲ್ಲವಲ್ಲ. ಮತ್ತೆ ಮೇಲೆ ಹೋಗಿ ಕೇಳಿದಾಗ ಆನ್ ಹಿಂದೆಮುಂದೆ ನೋಡಿದರು. ತಂದೆಯೇ ನಕ್ಕು ಒಪ್ಪಿದರು.

ಕಾರ್ನಿಷ್ ಎಂಬ ಕಡಲತೀರದ ರಸ್ತೆಯಲ್ಲಿ ಸಮುದ್ರ ನೋಡುತ್ತಾ ಮನೆಗೆ ಮರಳಿದೆವು. ರ‍್ಯಾಲಿ ಆಮೇಲೆ ಏನಾಯಿತು ಎಂದು ಹರೀಶ ಕೇಳಿದ. ಹೇಳಿದೆ. ಮಾರ್ಸೆಲ್ ಹೋದದ್ದೇ ಸೋಫಿಯಾ ರಸ್ತೆಯ ಕೊನೆಯ ವರ್ಷ. ದೇಶದೇಶಗಳ ರಸ್ತೆಗಳು ಆ ಆಟಕ್ಕೆ ಮುಚ್ಚಿಕೊಂಡವು. ಹೆಸರು ಬಿಡಲು ಮನಸ್ಸಿಲ್ಲದೆ ಅದನ್ನು ಜರ್ಮನಿಯ ಒಂದು ರೇಸ್ ಟ್ರ್ಯಾಕಿಗೆ ಒಯ್ದರು. ಬೆಟ್ಟ, ನದಿ, ಗಡಿಗಳನ್ನು ದಾಟುತ್ತಿದ್ದ ರ‍್ಯಾಲಿ ಗಾಣದ ಎತ್ತಿನಂತೆ ದಿನಗಟ್ಟಲೆ ಅಲ್ಲೇ ಸುತ್ತಿತು. ಕೆಲವು ವರ್ಷಗಳಲ್ಲಿ ಅದೂ ನಿಂತಿತು. ಹರೀಶ “ಛೆ” ಎಂದು ಸಿಗ್ನಲಿಗೆ ಕಾರು ನಿಲ್ಲಿಸಿದ.

ಸಭಾಂಗಣ

ಶುಕ್ರವಾರ ನಾಲ್ಕಕ್ಕೆ ನಾವು ಹಾಲ್ ಮುಟ್ಟಿದಾಗ ಅಲ್ಲಿ ಮೈಕಿನವನೂ ಪ್ಲಾಸ್ಟಿಕ್ ಹೊದಿಕೆ ತೆಗೆಯದ ಕುರ್ಚಿಗಳೂ ಮಾತ್ರ ಇದ್ದವು. ನಾಲ್ಕು ಎಂದರೆ ನಾಲ್ಕಕ್ಕೇ ಬರುವ ಮೂರ್ಖತನ ಮಾಡುವವರು ಇಬ್ಬರೇ, ಬೆಲ್ಜಿಯಂನವರು ಮತ್ತು ನ್ಯಾವಿಗೇಟರುಗಳು. ಜನ ಸೇರುವಾಗ ಆರು ದಾಟಿತು. ಪ್ರಾರ್ಥನೆ, ದೀಪ, ಸ್ವಾಗತ. ವರದಿ ವಾಚನ. ಶಾಲೆಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಬಹುಮಾನ, ಆ ಮಕ್ಕಳ ತಂದೆತಾಯಿಗಳ ಫೋಟೋ. ಸಹಾಯ ಮಾಡಿದ ಒಬ್ಬೊಬ್ಬರಿಗೂ ಹೂವು. ಯಾರೂ ಕೆಟ್ಟವರಲ್ಲ. ವಾರವಿಡೀ ದುಡಿದು, ಇರುವ ಒಂದು ರಜೆಯಲ್ಲಿ ಊರಿನ ಒಂದು ತುಂಡನ್ನು ಇಲ್ಲಿ ಕಟ್ಟಿ ನಿಲ್ಲಿಸುವವರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದ ಸಂಕಟ ನನ್ನದು.

ವೇದಿಕೆಯ ಮೇಲೆ ಮಾರ್ಸೆಲ್ ಒಂದು ತುದಿ, ನಾನು ಒಂದು ತುದಿ. ನಡುವೆ ಗಣ್ಯರ ಸಾಲು. ಹವಾನಿಯಂತ್ರಕದ ಗಾಳಿ ನೇರ ಅವರ ನೆತ್ತಿಗೇ ಬೀಸುತ್ತಿತ್ತು. ಮುಂದಿನ ಸಾಲಿನಲ್ಲಿ ಆನ್ ಕುಳಿತು ತಂದೆಯ ಕಾಲಬಳಿಯ ಯಂತ್ರವನ್ನೇ ನೋಡುತ್ತಿದ್ದರು. ಅದು ಬೀಪ್ ಎನ್ನತೊಡಗಿತು. ಇನ್ನೊಂದು ಬ್ಯಾಟರಿ ಕಾರಿನಲ್ಲಿತ್ತು. ಕಾರನ್ನು ಕಾವಲುಗಾರ ದೂರದ ಮೈದಾನಕ್ಕೆ ಕಳುಹಿಸಿದ್ದ. ಆನ್ ಎದ್ದು ಓಡಿದರು.

ಅದೇ ಹೊತ್ತಿಗೆ ನಿರೂಪಕ ಹರೀಶ ಘೋಷಿಸಿದ: “ಸಮಯದ ಅಭಾವವಿರುವುದರಿಂದ ಈಗ ನೇರವಾಗಿ ಸನ್ಮಾನ. ಅದಕ್ಕೂ ಮೊದಲು, ಯುರೋಪಿನ ರ‍್ಯಾಲಿ ವೀರ ಶ್ರೀಯುತ ಮಾರ್ಸೆಲ್ ಅವರಿಂದ ಎರಡು ಮಾತು.”

ಮಾರ್ಸೆಲ್ ಮೈಕ್ ಹಿಡಿದು ಮೊದಲು ಮಗಳ ಕುರ್ಚಿ ನೋಡಿದರು. ಅದು ಖಾಲಿ. ಆಮೇಲೆ ನನ್ನ ಕಡೆ ನೋಡಿದರು. ಎರಡು ಹಿತನುಡಿ ಹೇಳಿ ಮುಗಿಸುತ್ತಾರೆಂದುಕೊಂಡಿದ್ದೆ. ಅವರು ಕಥೆಯನ್ನೇ ಸುರುಮಾಡಿದರು. ಆ ಸಂಜೆ ಕಾರಿನ ಪ್ರಯಾಣಕ್ಕೆ ತನ್ನಲ್ಲಿ ಉಸಿರು ಉಳಿಯುವುದಿಲ್ಲವೆಂದು ಅವರಿಗೆ ತಿಳಿದಿತ್ತೆಂದು ಕಾಣುತ್ತದೆ.

“ಅಣ್ಣ ಓಡಿಸುತ್ತಿದ್ದ. ನಕ್ಷೆ ನನ್ನ ತೊಡೆಯ ಮೇಲೆ.” ಉಸಿರು. “ಸೋಫಿಯಾ ಮುಟ್ಟಿ ಹಿಂದಿರುಗಿದ್ದೆವು. ನಿದ್ದೆ ಇಲ್ಲ.” ಉಸಿರು. “ಮುಂದಿನ ಕಾರಿನ ಬಿಳಿ ಧೂಳು. ಅಣ್ಣನಿಗೆ ರಸ್ತೆ ಕಾಣುವುದಿಲ್ಲ. ನಾನು ಹೇಳಿದ್ದನ್ನು ನಂಬಿ ತಿರುಗಿಸುತ್ತಾನೆ.”

ಹಿಂದಿನ ಬಾಗಿಲಿನಲ್ಲಿ ಊಟದ ಪಾತ್ರೆಗಳು ಬಂದವು. ಕೋರಿ ರೊಟ್ಟಿಯ ವಾಸನೆಗೆ ಹಿಂದಿನ ಸಾಲುಗಳು ಏಳತೊಡಗಿದವು. ನಾನು ಕುರ್ಚಿಯ ತುದಿಯಲ್ಲಿದ್ದೆ.

“ಒಂದು ಕಡೆ ದಾರಿ ಎರಡಾಯಿತು. ಅಣ್ಣ ಕೂಗಿ ಕೇಳಿದ, ಎಡಕ್ಕೋ ಬಲಕ್ಕೋ?” ಮಾರ್ಸೆಲ್ ಮೈಕನ್ನು ಸ್ವಲ್ಪ ಕೆಳಗಿಳಿಸಿದರು. “ನಾನು...”

ಉಸಿರಿಗಾಗಿ ಮಾತು ನಿಲ್ಲಿಸಿದರು. ಈ ಸಲ ತುಸು ಹೆಚ್ಚು ಹೊತ್ತು.

ಶೇಖರಣ್ಣ ಭಾಷಣ ಮುಗಿಯಿತೆಂದು ತಿಳಿದು ಎದ್ದುನಿಂತು ಚಪ್ಪಾಳೆ ತಟ್ಟಿದರು. ಸಭೆ ಅವರನ್ನು ಹಿಂಬಾಲಿಸಿತು. ಸನ್ಮಾನಕ್ಕೆಂದು ಇಟ್ಟಿದ್ದ ಸ್ಯಾಕ್ಸೋಫೋನ್ ವಾದನವನ್ನು ಮೈಕಿನವನು ಜೋರಾಗಿ ಹಾಕಿದ. ಯಾರೋ ಮಾರ್ಸೆಲ್ ಕೈಯಿಂದ ಮೈಕ್ ತೆಗೆದುಕೊಂಡು, ತಲೆಗೆ ಮೈಸೂರು ಪೇಟ ಇಟ್ಟರು. ತೊಡೆಯ ಮೇಲೆ ಹಣ್ಣಿನ ಬುಟ್ಟಿ ಬಂತು. “ಮುಖ್ಯ ಅತಿಥಿಗಳು ಶಾಲು ಹೊದಿಸಬೇಕಾಗಿ ವಿನಂತಿ,” ಎಂದಿತು ಹರೀಶನ ದನಿ.

ನಾನು ಶಾಲು ಹಿಡಿದು ಬಗ್ಗಿದೆ. ಆಗ ನೋಡಿದೆ, ಮಾರ್ಸೆಲ್ ಇನ್ನೂ ಮಾತಾಡುತ್ತಿದ್ದರು. ಅವರ ತುಟಿ ನನ್ನ ಕಿವಿಯಿಂದ ಒಂದು ಗೇಣು ದೂರ. ನನ್ನ ತೋಳು ಹಿಡಿದುಕೊಂಡು, ಕಣ್ಣಲ್ಲಿ ಕಣ್ಣಿಟ್ಟು, ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಪಕ್ಕದಲ್ಲೇ ಆಳೆತ್ತರದ ಧ್ವನಿಪೆಟ್ಟಿಗೆ. ನನಗೆ ಕೇಳಿಸಿದ್ದು ಸ್ಯಾಕ್ಸೋಫೋನ್ ಒಂದೇ. “ಒಂದು ನಿಮಿಷ, ಒಂದು ನಿಮಿಷ,” ಎಂದೆ. “ಸರ್, ಈಚೆ ನೋಡಿ,” ಎಂದ ಫೋಟೋದವನು. ನಾನು ನೋಡಿದೆ. ತಿರುಗುವಷ್ಟರಲ್ಲಿ ಅವರ ತುಟಿ ನಿಂತಿತ್ತು. ಮುಖದಲ್ಲಿ ಭಾರ ಇಳಿಸಿದವರ ಶಾಂತಿ. ತುಟಿಗಳು ಮಾತ್ರ ನೀಲಿಯಾಗಿದ್ದವು.

ಬ್ಯಾಟರಿ ಹಿಡಿದು ಓಡಿ ಬಂದ ಆನ್ ತಂದೆಯನ್ನು ನೇರ ಮನೆಗೆ ಕರೆದೊಯ್ದರು. ಆ ಸಂಜೆ ಕಾರಿನ ಪ್ರಯಾಣ ನಡೆಯಲಿಲ್ಲ. ನಾನು ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತೆ. ಒಬ್ಬರಾದ ಮೇಲೊಬ್ಬರು ಬಂದು, ಕಾರ್ಯಕ್ರಮ ಬಹಳ ಚೆನ್ನಾಯಿತು ಎಂದು ನನ್ನ ಕೈ ಕುಲುಕಿದರು.

ವಿಮಾನ ನಿಲ್ದಾಣ

ಶನಿವಾರ ಬೆಳಿಗ್ಗೆ ಅವರನ್ನು ಬೀಳ್ಕೊಡಲು ಹೊರಟೆವು. ದಾರಿಯಲ್ಲಿ ಹರೀಶ ಕಾರು ಬದಿಗೆ ನಿಲ್ಲಿಸಿ ಸಭೆಯ ವಿಡಿಯೋ ಹಾಕಿದ. ಅದರಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು. ಪೇಟದ ಅಂಚು, ಅಲ್ಲಾಡುವ ತುಟಿ, ನನ್ನ ಬೋಳುತಲೆ, ನನ್ನ ನಗು. ದನಿ ಮಾತ್ರ ಸ್ಯಾಕ್ಸೋಫೋನಿನದು. ಮತ್ತೆ ಮತ್ತೆ ಹಾಕಿ ನೋಡಿದೆವು.

“ಮುಗೀತು ಅಂತ ಗ್ರಹಿಸಿದ್ದು ಮಾವ,” ಎಂದ ಹರೀಶ. ಅವನ ಕಣ್ಣು ಕೆಂಪಾಗಿತ್ತು. “ನಮ್ಮಲ್ಲಿ ಯಾರೂ ಭಾಷಣದ ನಡುವೆ ಹಾಗೆ ಸುಮ್ಮನಾಗುದಿಲ್ಲ ಅಲ್ವಾ?”

ಅವನು ಹೇಳಿದ್ದು ಸರಿ. ನಮ್ಮಲ್ಲಿ ಉಸಿರು ಕಟ್ಟಿದರೂ ಯಾರೂ ಮೈಕ್ ಬಿಡುವುದಿಲ್ಲ.

ನಿಲ್ದಾಣದಲ್ಲಿ ಮಾರ್ಸೆಲ್ ಗಾಲಿಕುರ್ಚಿಯಲ್ಲಿದ್ದರು. ನಾನು ಮಂಡಿಯೂರಿ ಕುಳಿತು, ನಾಚಿಕೆ ಬಿಟ್ಟು ಕೇಳಿದೆ, ಆ ಕವಲಿನಲ್ಲಿ ನೀವು ಅಣ್ಣನಿಗೆ ಏನೆಂದಿರಿ?

ಅವರು ಆಶ್ಚರ್ಯದಿಂದ ನನ್ನನ್ನು ನೋಡಿದರು. “ಹೇಳಿದೆನಲ್ಲ,” ಎಂದರು. ಉಸಿರು. “ಎಲ್ಲವನ್ನೂ ಹೇಳಿದೆ. ನೀವು ಬಗ್ಗಿ ಕೇಳುತ್ತಿದ್ದಿರಿ. ಎಷ್ಟು ಜನ ಚಪ್ಪಾಳೆ ತಟ್ಟಿದರು.” ನನ್ನ ಕೈಯನ್ನು ಎರಡು ಸಲ ಮೆಲ್ಲಗೆ ಅದುಮಿ ಕಣ್ಣು ಮುಚ್ಚಿಕೊಂಡರು.

ಇಲ್ಲ, ನನಗೆ ಕೇಳಿಸಲಿಲ್ಲ ಎನ್ನಬೇಕಿತ್ತು. ಆ ಮುಖ ನೋಡಿ ನಾಲಗೆ ಏಳಲಿಲ್ಲ. ಏಳಬಾರದಿತ್ತೋ ಏನೋ, ನನಗೆ ಈಗಲೂ ಗೊತ್ತಿಲ್ಲ.

ಆನ್ ನನ್ನನ್ನು ಸ್ವಲ್ಪ ದೂರ ಕರೆದೊಯ್ದರು. ಆ ಮೂರು ದಿನಗಳಲ್ಲಿ ಮೊದಲ ಸಲ ಅವರು ನಗುತ್ತಿದ್ದರು.

“ನಿಮಗೆ ಹೇಗೆ ಕೃತಜ್ಞತೆ ಹೇಳಲಿ? ಹೇಳಿಬಿಟ್ಟೆ, ಇನ್ನು ಯಾರೂ ಕೇಳಬೇಡಿ ಎಂದರು ಅಪ್ಪ. ನಾನೂ ಇನ್ನು ಕೇಳುವುದಿಲ್ಲ. ನಾಳೆ ದೊಡ್ಡಪ್ಪನ ಬಾಗಿಲು ತಟ್ಟುತ್ತೇನೆ. ನಾನು ಆ ಹೊತ್ತಿನಲ್ಲಿ ಹೊರಗಿದ್ದೆ, ನೀವು ಹೇಳಿ. ಏನಾಯಿತು?”

ಹೇಳಿದೆ. ಅಣ್ಣ ಓಡಿಸುತ್ತಿದ್ದದ್ದು, ತೊಡೆಯ ಮೇಲಿನ ನಕ್ಷೆ, ನಿದ್ದೆ ಇಲ್ಲದ್ದು, ಬಿಳಿ ಧೂಳು, ರಸ್ತೆ ಎರಡಾದದ್ದು, ಅಣ್ಣ ಕೂಗಿ ಕೇಳಿದ್ದು. ಎಷ್ಟು ನಿಧಾನವಾಗಿ ಹೇಳಿದರೂ ಅದು ಅಲ್ಲಿಗೆ ಬಂದು ಮುಗಿಯಿತು. ಆನ್ ತಲೆಯಾಡಿಸುತ್ತಾ, ಒಂದೊಂದು ಮಾತನ್ನೂ ಎತ್ತಿಟ್ಟುಕೊಳ್ಳುವವರಂತೆ ಕೇಳುತ್ತಿದ್ದರು.

“ಆಮೇಲೆ?” ಎಂದರು.

“ಆಮೇಲೆ ನಾನು ಅವರಿಗೆ ಶಾಲು ಹೊದಿಸಿದೆ,” ಎಂದೆ.